ಸೋರದ ಜೇಬು

ಪೆನ್ನು ನನ್ನ ಚೀಲದಲ್ಲಿ ಮೂರನೆಯ ದಿನಕ್ಕೇ ಸೋರಿತು.

ಅದೇ ಪೆನ್ನು ನನ್ನ ಗಂಡನ ಜೇಬಿನಲ್ಲಿ ಹನ್ನೆರಡು ವರ್ಷ ಇತ್ತು. ಕೊನೆಯ ಆರು ವರ್ಷ ಆ ಜೇಬುಗಳನ್ನು ಒಗೆದವಳು ನಾನು. ಒಂದು ಚುಕ್ಕೆ ಕಲೆ ನೋಡಿಲ್ಲ. ಅವರು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಬಿಳಿ ಶರ್ಟು ಬಿಟ್ಟು ಬೇರೆ ಹಾಕಿದವರಲ್ಲ. "ಮೇಷ್ಟ್ರೇ, ಆ ಜೇಬನ್ನ ಒಂದು ದಿನ ನಮಗೂ ಬಾಡಿಗೆಗೆ ಕೊಡಿ" ಎಂದು ಸ್ಟಾಫ್ ರೂಮಿನಲ್ಲಿ ಕಾಲೆಳೆಯುತ್ತಿದ್ದರಂತೆ. ಮನೆಗೆ ಬಂದು ನನಗೆ ಹೇಳಿ ನಗುತ್ತಿದ್ದರು.

ಅವರ ಬೆಳಗಿನ ಕೆಲಸ ನನಗೆ ಬಾಯಿಪಾಠ. ಪೆನ್ನಿನ ಹೊಟ್ಟೆ ಬಿಚ್ಚುವುದು. ಫಿಲ್ಲರಿನಿಂದ ಕತ್ತಿನವರೆಗೆ ಇಂಕು ತುಂಬುವುದು. ನಿನ್ನೆಯದು ಮುಕ್ಕಾಲು ಉಳಿದಿದ್ದರೂ ಮೇಲೆ ತುಂಬುವುದು. ಹಳೆಯ ಬನಿಯನ್ ಚೂರಿನಿಂದ ನಿಬ್ಬು ಒರೆಸಿ, ಮೂತಿ ಮೇಲೆ ಮಾಡಿ, ಬೆರಳಿನಿಂದ ಎರಡು ಸಲ ತಟ್ಟುವುದು. ಆಮೇಲೆ ಮುಚ್ಚಳ. ಆಮೇಲೆ ಜೇಬು. ಪೆನ್ನು ಅಡ್ಡ ಬೀಳಬಾರದೆಂದು ಪ್ರತಿಯೊಂದು ಶರ್ಟಿನ ಜೇಬಿನೊಳಗೂ ನಾನು ಒಂದು ಕಿರಿದಾದ ಗೂಡು ಹೊಲಿದುಕೊಟ್ಟಿದ್ದೆ. ಆ ಜೇಬಿನ ಹೆಸರು ಉಳಿದದ್ದರಲ್ಲಿ ಅರ್ಧ ಪಾಲು ನನ್ನ ಸೂಜಿಯದು.

ಅವರು ಎಡಚರು. ಶರ್ಟಿಗೆ ತಾಗದ ಇಂಕು ಅಂಗೈಯ ಅಂಚಿಗೆ ತಾಗುತ್ತಿತ್ತು. ಬರೆಯುತ್ತ ಹೋದಂತೆ ಎಡಗೈ ಆಗಷ್ಟೇ ಬರೆದ ಸಾಲಿನ ಮೇಲೆಯೇ ಸರಿದು ಹೋಗುವುದಲ್ಲ. ಮಕ್ಕಳ ನೋಟುಪುಸ್ತಕಗಳಲ್ಲೆಲ್ಲ ಅವರ 'ಸರಿ', 'ತಪ್ಪು' ಬಲಕ್ಕೆ ಸ್ವಲ್ಪ ಮಸುಕು ಎಳೆದುಕೊಂಡಿರುತ್ತಿದ್ದವು.

ಆ ಪೆನ್ನಿನಲ್ಲಿ ಬರೆಯಲು ನಾನು ಒಮ್ಮೆ ಕೇಳಿದ್ದೆ.

"ಬೇಡ ಕಣೆ. ನಿಬ್ಬು ಒಂದು ಕೈಗೆ ಒಗ್ಗಿರುತ್ತೆ. ಬೇರೆಯವರು ಬರೆದ್ರೆ ಕೆಡುತ್ತೆ."

"ನಾನು ಬೇರೆಯವಳಾ?"

"ಪೆನ್ನಿನ ಮಟ್ಟಿಗೆ ಹೌದು. ಮಿಕ್ಕಿದ್ದಕ್ಕೆಲ್ಲ ನೀನೇ ಯಜಮಾನಿ."

ಆಗ ಇಬ್ಬರೂ ನಕ್ಕಿದ್ದೆವು.

ಎಂಟು ತಿಂಗಳ ಹಿಂದೆ, ಎರಡನೆಯ ಪೀರಿಯಡ್ಡಿನಲ್ಲಿ, ಬೋರ್ಡಿನ ಮೇಲೆ ಒಂದು ಲೆಕ್ಕದ ಮೂರನೆಯ ಸಾಲು ಬರೆಯುತ್ತ ಅವರು ಕುಸಿದರು. ಮೂವತ್ತಾರು ವರ್ಷ. ಆಸ್ಪತ್ರೆಯವರು ಒಂದು ಕವರಿನಲ್ಲಿ ವಾಚು, ಬೀಗದಕೈ, ಪೆನ್ನು ಹಾಕಿ ಕೊಟ್ಟರು. ಅತ್ತೆ ಪೆನ್ನನ್ನು ಗಾಜಿನ ಕಪಾಟಿನಲ್ಲಿಟ್ಟರು. ನಾನು ಹನ್ನೊಂದನೆಯ ದಿನ ಕೆಲಸಕ್ಕೆ ಹೋದೆ. ಬಿತ್ತನೆ ಬೀಜ ಪರೀಕ್ಷಿಸುವ ಪ್ರಯೋಗಾಲಯ. ಒದ್ದೆ ಕಾಗದದ ಮೇಲೆ ನೂರು ಬೀಜ ಇಡುವುದು, ಏಳನೆಯ ದಿನ ಎಷ್ಟು ಮೊಳೆತವೆಂದು ಎಣಿಸುವುದು. ಅವತ್ತು ನೂರಕ್ಕೆ ಎಂಬತ್ತೆಂಟು ಮೊಳೆತಿದ್ದವು. ಎಂಬತ್ತೆಂಟು ಎಂದು ಬರೆದೆ. ಮುಂದಿನ ತಟ್ಟೆ ತೆಗೆದುಕೊಂಡೆ.

ಅರ್ಜಿ ಹಾಕು ಎಂದವರು ಅತ್ತೆಯೇ.

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಪಾಚಿಗಳ ಮೇಲೆ ಸಂಶೋಧನೆ ಮಾಡಬೇಕೆಂದು ಮೂರು ವರ್ಷದ ಹಿಂದೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನ ಚೆನ್ನಾಗಿಯೇ ಆಗಿತ್ತು. ಉತ್ತರ ಮಾತ್ರ ಬರಲೇ ಇಲ್ಲ. ಎರಡು ತಿಂಗಳು ದಿನವೂ "ಏನಾದ್ರೂ ಬಂತಾ?" ಎಂದು ಕೇಳುತ್ತಿದ್ದೆ. ಗಂಡ ತಲೆಯಾಡಿಸುತ್ತಿದ್ದರು. ಕೊನೆಗೊಂದು ಸಂಜೆ ಅವರೇ ಟೀ ಮಾಡಿ ತಂದುಕೊಟ್ಟು, ಪಕ್ಕದಲ್ಲಿ ಕುಳಿತು, "ಬಿಡು, ಅಲ್ಲೆಲ್ಲ ಮೊದಲೇ ಯಾರನ್ನ ತಗೋಬೇಕು ಅಂತ ಗೊತ್ತುಮಾಡಿರ್ತಾರೆ. ಮತ್ತೆ ಅವರ ಬಾಗಿಲಿಗೆ ಹೋಗಿ ಯಾಕೆ ಸಣ್ಣವಳಾಗ್ತೀಯ" ಎಂದಿದ್ದರು. ನಾನು ಅವರ ಭುಜಕ್ಕೆ ತಲೆಯಿಟ್ಟು ಅತ್ತಿದ್ದೆ. ಮತ್ತೆ ಅರ್ಜಿ ಹಾಕಲಿಲ್ಲ.

ಈಗ ಇನ್ನು ನಾಲ್ಕು ತಿಂಗಳಿಗೆ ನನಗೆ ಮೂವತ್ತೆರಡು ತುಂಬುತ್ತದೆ. ಆಮೇಲೆ ಅರ್ಜಿ ಹಾಕುವಂತಿಲ್ಲ. ಇದು ಕಡೆಯ ಸಲ.

"ಹಾಕು" ಎಂದರು ಅತ್ತೆ. "ದಿನಾ ಬೀಜ ಎಣಿಸ್ಕೊಂಡು ಎಷ್ಟು ದಿನ ಇರ್ತೀಯ? ನನ್ನ ಮುಖ ನೋಡ್ಕೊಂಡು ಕೂತ್ರೆ ನಿನಗೂ ನನ್ನಷ್ಟೇ ವಯಸ್ಸಾಗುತ್ತೆ." ಕಪಾಟಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟರು. "ಇದರಲ್ಲೇ ಸಹಿ ಮಾಡು. ಅವನೇ ಜೊತೆಗೆ ಬಂದಂಗಿರುತ್ತೆ."

ಅತ್ತೆ ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಗಂಡ ಹೋದಮೇಲೆ ಒಂಟಿಯಾಗಿ ಮಗನನ್ನು ಓದಿಸಿದವರು. ಅವರು ಕೊಟ್ಟದ್ದನ್ನು ಬೇಡವೆನ್ನಲು ನನಗೆ ಬರುವುದಿಲ್ಲ. ಪೆನ್ನನ್ನು ಚೀಲಕ್ಕೆ ಹಾಕಿಕೊಂಡೆ. ಮೂರನೆಯ ದಿನ ತೆಗೆದು ನೋಡಿದರೆ, ತುಂಬಿಟ್ಟಿದ್ದ ಅರ್ಜಿಯ ಮೇಲೆ ಅಂಗೈಯಗಲ ನೀಲಿ.

ಪೆನ್ನು ರಿಪೇರಿಯವನ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಒಳಗೆ ಹೋಗುವವರು ತಲೆ ತಗ್ಗಿಸಬೇಕು. ಎಲ್ಲರೂ ಅವನನ್ನು ಪೆನ್ನು ಡಾಕ್ಟರು ಎನ್ನುತ್ತಾರೆ. ಅರವತ್ತು ದಾಟಿದ ಮನುಷ್ಯ. ಒಂದು ಕಣ್ಣಿಗೆ ಗಡಿಯಾರ ರಿಪೇರಿಯವರ ಮಸೂರ ಸಿಕ್ಕಿಸಿಕೊಂಡಿದ್ದ. ಪೆನ್ನು ನೋಡಿದ್ದೇ ನನ್ನ ಮುಖ ನೋಡಿದ.

"ಮೇಷ್ಟ್ರದ್ದಲ್ವಾ ಇದು?"

"ಹೌದು. ನಾನು ಅವರ ಹೆಂಡತಿ."

"ವಿಷಯ ಗೊತ್ತಾಯ್ತಮ್ಮ." ಮಸೂರ ತೆಗೆದ. ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. "ಹೇಗೆ ಇಟ್ಕೊಂಡಿದ್ರಿ?"

"ಚೀಲದಲ್ಲಿ."

"ಮಲಗಿಸಿ?"

"ಬಿದ್ದ ಹಾಗೆ."

"ಎಷ್ಟು ಇಂಕಿತ್ತು?"

"ಅರ್ಧ ಇರಬೇಕು."

"ಮತ್ತೆ ಸೋರದೆ ಹಾಡು ಹೇಳುತ್ತಾ?" ಎಂದ. "ನೋಡಿಮ್ಮ. ಅರ್ಧ ಇಂಕು ಅಂದ್ರೆ ಇನ್ನರ್ಧ ಗಾಳಿ. ಮೈಬಿಸಿಗೋ ಬಿಸಿಲಿಗೋ ಆ ಗಾಳಿ ಉಬ್ಬುತ್ತೆ. ಉಬ್ಬಿ ಇಂಕನ್ನ ಆಚೆ ತಳ್ಳುತ್ತೆ. ಇಂಕು ತುಂಬಿದ್ರೆ ಗಾಳಿಗೆ ಜಾಗ ಇಲ್ಲ, ತಳ್ಳೋರೂ ಇಲ್ಲ. ಅದಕ್ಕೇ ತುಂಬಿ ಇಡಿ, ಇಲ್ಲ ಖಾಲಿ ಇಡಿ. ಅರ್ಧಂಬರ್ಧ ಬೇಡ. ಯಾವಾಗ್ಲೂ ಮೂತಿ ಮೇಲೆ. ಮುಚ್ಚಳದ ಒಳಗೆ ವಾರಕ್ಕೊಂದ್ಸಲ ಬತ್ತಿ ಹಾಕಿ ಒರೆಸಿ; ಒಳಗೆ ಒಣಗಿದ ಇಂಕಿದ್ರೆ ಪೆನ್ನು ಸೋರದೆ ಇದ್ರೂ ಸೋರಿದಂಗೆ ಕಾಣುತ್ತೆ, ಸುಮ್ನೆ ಪೆನ್ನಿಗೆ ಕೆಟ್ಟ ಹೆಸರು."

ಪೆನ್ನಿನ ತಿರುಪಿಗೆ ಕಡ್ಡಿಯ ತುದಿಯಿಂದ ಕೂದಲೆಳೆಯಷ್ಟು ಗ್ರೀಸು ಸವರಿದ. ಒಂದು ಸೀಸೆ ತೆಗೆದು ಇಂಕು ತುಂಬಿದ.

"ಇದು ಅವರದ್ದೇ ಇಂಕು. ನೀಲಿಗೆ ನಾಲ್ಕು ತೊಟ್ಟು ಕಪ್ಪು. ಬೇರೆ ಯಾರಿಗೂ ನಾನು ಈ ಬೆರಕೆ ಮಾಡಲ್ಲ, ಯಾರೂ ಕೇಳೋದೂ ಇಲ್ಲ. ತಗೊಳ್ಳಿ, ಬರೆದು ನೋಡಿ."

ಬರೆದೆ. ನಿಬ್ಬು ಕಾಗದವನ್ನು ಕೆರೆಯಿತು.

"ಕೆರೀಲೇಬೇಕು. ಎಡಗೈಗೆ ಸವೆದ ನಿಬ್ಬಲ್ವಾ. ಬಲಗೈಗೆ ಬರಲ್ಲ ಅದು, ಮೊಂಡು ಮಾಡುತ್ತೆ. ಮೆಲ್ಲಗೆ ಹಿಡಿದ್ರೆ ಒಂದು ಸಹಿಗೆ ಮೋಸ ಇಲ್ಲ."

ಹೊಸ ಅರ್ಜಿ ತಂದು ತುಂಬಿ, ಅವನು ಹೇಳಿದಂತೆ ಮೆಲ್ಲಗೆ ಹಿಡಿದು, ಸಹಿ ಮಾಡಿದೆ. ಅರ್ಜಿಯನ್ನು ವಿಭಾಗದ ಕಚೇರಿಗೆ ಕೊಟ್ಟು ಬಂದೆ. ಆಮೇಲೆ ಪೆನ್ನನ್ನು ದಿನವೂ ತುಂಬಿ, ಮೂತಿ ಮೇಲೆ ಮಾಡಿ, ಚೀಲದ ಒಳಬದಿಗೆ ಒಂದು ಗೂಡು ಹೊಲಿದು ಅದರಲ್ಲಿಟ್ಟುಕೊಂಡೆ. ಎರಡು ವಾರ ಸೋರಲಿಲ್ಲ. ಅವರು ಹೋದಮೇಲೆ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು ಎನಿಸುತ್ತಿತ್ತು.

ವಿಭಾಗದ ಮುಖ್ಯಸ್ಥೆ ಕರೆಸಿದ್ದು ಒಂದು ಬುಧವಾರ. ಮೇಡಂ ನನಗೆ ಎಂ.ಎಸ್ಸಿ.ಯಲ್ಲಿ ಪಾಠ ಮಾಡಿದವರು. ಕೋಣೆಯಲ್ಲಿ ಎಂದಿನಂತೆ ಫಾರ್ಮಲಿನ್ ವಾಸನೆ. ಮೇಜಿನ ಮೇಲೆ ಹಸಿರು ಬಟ್ಟೆಯ ಫೈಲು.

"ಕುತ್ಕೊಳ್ಳಮ್ಮ. ನಿನ್ನ ಅಂಕ, ನಿನ್ನ ವಿಷಯ ಎಲ್ಲಾ ಸರಿ ಇದೆ. ಆದ್ರೆ ಒಂದು ತೊಡಕು. ಹೋದ ಸಲ ಕೊಟ್ಟ ಸೀಟನ್ನೇ ಬೇಡ ಅಂದ್ಯಲ್ಲ, ಈ ಸಲ ಕಮಿಟಿ ಅದನ್ನೇ ಕೇಳುತ್ತೆ."

"ಯಾವ ಸೀಟು ಮೇಡಂ?"

"ಯಾವ ಸೀಟು ಅಂದ್ರೆ? ಮೂರು ವರ್ಷದ ಹಿಂದೆ ನಿನ್ನನ್ನೇ ಮೊದಲ ಹೆಸರಾಗಿ ಆರಿಸಿದ್ವಿ. ಆದೇಶ ಕಳಿಸಿದ್ವಿ. ನೀನು ಬೇಡ ಅಂತ ಬರೆದೆ. ನನಗೆ ಆಗ ಎಷ್ಟು ಬೇಜಾರಾಯ್ತು ಗೊತ್ತಾ? ಒಂದು ಫೋನಾದ್ರೂ ಮಾಡಬಾರದಿತ್ತಾ?"

"ನಾನು ಬರೆದಿಲ್ಲ."

ಮೇಡಂ ಫೈಲು ತಿರುಗಿಸಿ ನನ್ನ ಮುಂದಿಟ್ಟರು. ಟೈಪು ಮಾಡಿದ ನಾಲ್ಕು ಸಾಲು. 'ಕೌಟುಂಬಿಕ ಕಾರಣಗಳಿಂದಾಗಿ ತಾವು ನೀಡಿರುವ ಅವಕಾಶವನ್ನು ಸ್ವೀಕರಿಸಲು ಸಾಧ್ಯವಾಗುತ್ತಿಲ್ಲ. ಕ್ಷಮೆಯಿರಲಿ.' ಕೆಳಗೆ ನನ್ನ ಸಹಿ.

ಹಾಗೆಂದು ನಾನೇ ಒಪ್ಪಬೇಕಿತ್ತು. ನನ್ನ ಹೆಸರಿನ ಮೊದಲಕ್ಷರದ ಸುತ್ತು, ಕಡೆಯಲ್ಲಿ ಎಳೆಯುವ ಗೆರೆ, ಗೆರೆಯ ಕೆಳಗಿನ ಎರಡು ಚುಕ್ಕೆ. ಎಲ್ಲವೂ ಇತ್ತು.

ಮೇಡಂ ಈ ಸಲದ ನನ್ನ ಅರ್ಜಿಯನ್ನು ಪಕ್ಕಕ್ಕಿಟ್ಟರು. "ನೋಡು. ಎರಡೂ ಒಂದೇ ಸಹಿ. ಇಂಕು ಕೂಡ ಒಂದೇ. ಈಗಿನ ಕಾಲದಲ್ಲಿ ಇಂಥ ಇಂಕಿನಲ್ಲಿ ಯಾರಮ್ಮ ಬರೀತಾರೆ?"

ನೀಲಿಗೆ ನಾಲ್ಕು ತೊಟ್ಟು ಕಪ್ಪು.

ನಾನು ಆ ಪೆನ್ನನ್ನು ಜತನದಿಂದ ಹೊತ್ತು ತಂದು ಸಹಿ ಮಾಡಿರದಿದ್ದರೆ, ಆ ಹಳೆಯ ಸಹಿ ಒಂಟಿಯಾಗಿ ಅಲ್ಲಿ ಬಿದ್ದಿರುತ್ತಿತ್ತು. ನಾನೇ ಅದಕ್ಕೆ ಜೋಡಿ ಒದಗಿಸಿದ್ದೆ.

ಎರಡನ್ನೂ ಹತ್ತಿರ ಹಿಡಿದು ನೋಡಿದೆ. ಈಗಿನದು ಒಣಗಿ ಸ್ವಚ್ಛವಾಗಿತ್ತು. ಹಳೆಯದರಲ್ಲಿ ಪ್ರತಿ ಅಕ್ಷರವೂ ಬಲಕ್ಕೆ ಸ್ವಲ್ಪ ಮಸುಕು ಎಳೆದುಕೊಂಡಿತ್ತು. ಬರೆದ ಕೈ ಬರೆದುದರ ಮೇಲೆಯೇ ಸರಿದು ಹೋಗಿತ್ತು.

ನಾನು ಬಲಗೈಯವಳು. ನನ್ನ ಕೈ ಎಂದೂ ನನ್ನ ಅಕ್ಷರದ ಮೇಲೆ ಸರಿಯುವುದಿಲ್ಲ.

ನನಗೆ ಏನೂ ಆಗಲಿಲ್ಲ. ಆಗಬೇಕಿತ್ತು ಎಂದು ಗೊತ್ತಿತ್ತು. ಫೈಲಿನ ಹಿಂದಿನ ಹಾಳೆಗಳನ್ನು ಮಗುಚಿದೆ. ಮೂರು ವರ್ಷದ ಹಿಂದಿನ ನನ್ನ ಅರ್ಜಿ ಅಲ್ಲೇ ಇತ್ತು. ಅದರ ಸಹಿ ಸಾಧಾರಣ ಬಾಲ್ ಪೆನ್ನಿನದು.

"ಹೋಗ್ಲಿ ಬಿಡು" ಎಂದರು ಮೇಡಂ. ನನ್ನ ಮುಖದಲ್ಲಿ ಅವರು ಏನು ಕಂಡರೋ, ದನಿ ತಗ್ಗಿಸಿದರು. "ಆಗ ಏನೋ ಇತ್ತು, ನೀನೂ ಚಿಕ್ಕವಳು. ಶುಕ್ರವಾರದೊಳಗೆ ಒಂದು ಕಾಗದ ಬರೆದುಕೊಡು. ಆಗ ಕೌಟುಂಬಿಕ ಕಾರಣದಿಂದ ಆಗಲಿಲ್ಲ, ಈಗ ಆ ತೊಂದರೆ ಇಲ್ಲ ಅಂತ. ಅಷ್ಟು ಸಾಕು. ಕಮಿಟಿಯವರೂ ಮನುಷ್ಯರೇ. ನಿನ್ನ ಪರಿಸ್ಥಿತಿ ಎಲ್ಲರಿಗೂ ಗೊತ್ತು."

ಈಗ ಆ ತೊಂದರೆ ಇಲ್ಲ. ಮೇಡಂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಬೇಡವೆಂದ ಕಾಗದದ ಮೇಲಿದ್ದ ತಾರೀಕು ನೆನಪಿತ್ತು. ಅದಾದ ಮೇಲೂ ಐದು ವಾರ ನಾನು "ಏನಾದ್ರೂ ಬಂತಾ?" ಎಂದು ಕೇಳಿದ್ದೇನೆ. ಐದು ವಾರ ಅವರು ತಲೆಯಾಡಿಸಿದ್ದಾರೆ. ಟೀ ಮಾಡಿ ತಂದದ್ದು ಅದೂ ಆದ ಮೇಲೆ. ನಾನು ಯಾವ ಭುಜದ ಮೇಲೆ ಅತ್ತೆನೋ ಅದೇ ಭುಜ. ಸಹಿಗೆ ನನ್ನ ಹೆಸರನ್ನು ಎಷ್ಟು ಸಲ ಬರೆದು ಕಲಿತಿರಬೇಕು? ಹತ್ತು ಸಲ? ಐವತ್ತು? ಎಡಗೈಯಲ್ಲಿ, ನಾಲಿಗೆ ಕಚ್ಚಿಕೊಂಡು, ಶಾಲೆಯ ಯಾವುದೋ ಖಾಲಿ ಕೋಣೆಯಲ್ಲಿ. ನನ್ನ ಹೆಸರನ್ನು ಅಷ್ಟು ಗಮನವಿಟ್ಟು ಅವರು ಇನ್ಯಾವತ್ತೂ ಬರೆದಿರಲಾರರು.

ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು.

"ಬಂದ್ಯಾ? ಏನಂದ್ರು ನಿಮ್ಮ ಮೇಡಂ? ಮುಖ ಯಾಕೆ ಹಾಗಿದೆ?"

"ಅತ್ತೆ, ಮೂರು ವರ್ಷದ ಹಿಂದೆ ಯೂನಿವರ್ಸಿಟಿಯಿಂದ ನನಗೊಂದು ಕಾಗದ ಬಂದಿತ್ತಾ?"

ಕೈಯಲ್ಲಿದ್ದ ದಿಂಬಿನ ಚೀಲವನ್ನು ಅವರು ನಾಲ್ಕು ಮಡಿಕೆ ಮಾಡಿದರು. ಬಿಚ್ಚಿ ಮತ್ತೆ ಮಡಿಸಿದರು.

"ಬಂದಿತ್ತು."

ನಾನು ಆ ಮಾತಿಗೆ ಸಿದ್ಧಳಾಗಿರಲಿಲ್ಲ. ಗೊತ್ತಿಲ್ಲ ಎನ್ನುತ್ತಾರೆಂದು ನಂಬಿದ್ದೆ. ಹಾಗೆಂದಿದ್ದರೆ ನನ್ನವರೆಂದು ಮನೆಯಲ್ಲಿ ಒಬ್ಬರಾದರೂ ಉಳಿಯುತ್ತಿದ್ದರು.

"ಯಾರ ಕೈಗೆ ಬಂತು?"

"ನನ್ನ ಕೈಗೆ. ಅವನು ಸ್ನಾನ ಮುಗಿಸಿ ಬರ್ತಿದ್ದ. ಏನಮ್ಮ ಅದು ಅಂದ. ಕೊಟ್ಟೆ."

"ನನ್ನ ಹೆಸರಿತ್ತಲ್ಲ ಅದರ ಮೇಲೆ."

"ಇತ್ತು."

"ಮೂವತ್ತು ವರ್ಷ ಕೆಲಸ ಮಾಡಿದೀರಿ. ವಿಳಾಸದಾರರ ಕೈಗಲ್ಲದೆ ಕೊಡಬಾರದು ಅಂತ ಪೋಸ್ಟ್‌ಮ್ಯಾನ್‌ಗೆ ನೀವೇ ಬೈತೀರಿ."

"ಹೇಳ್ಬೇಡ. ನೀನು ಹೇಳೋಕಿಂತ ಜಾಸ್ತಿ ನಾನೇ ನನಗೆ ಹೇಳ್ಕೊಂಡಿದೀನಿ." ದಿಂಬಿನ ಚೀಲವನ್ನು ಪಕ್ಕಕ್ಕಿಟ್ಟರು. "ನಿನಗೆ ಕೊಡ್ತಾನೆ ಅಂದ್ಕೊಂಡೆ. ಎರಡು ದಿನ ಬಿಟ್ಟು ಕೇಳಿದೆ. ಅಮ್ಮ, ಐದು ವರ್ಷ ಅಂತೆ, ಅಲ್ಲೆಲ್ಲೋ ಕಾಡಿನ ಹತ್ರ ಇರ್ಬೇಕಂತೆ, ತಿಂಗಳಿಗೆ ಎರಡು ಸಲ ಬಂದ್ರೆ ಹೆಚ್ಚು, ನನಗೆ ಅವಳಿಲ್ದೆ ಆಗಲ್ಲ ಅಂದ. ನಾನು ಏನು ಹೇಳ್ಲಿ?"

"ಅದನ್ನ ಅವರು ನನಗೆ ಹೇಳಬಹುದಿತ್ತಲ್ಲ. ಹೋಗಬೇಡ ಅಂತ."

"ಹೇಳಿದ್ರೆ ನಿಲ್ತಿದ್ಯಾ?"

ಯೋಚಿಸಿದೆ. ನಿಜವಾಗಿ ಯೋಚಿಸಿದೆ.

"ನಿಲ್ತಿದ್ದೆ" ಎಂದೆ.

ಅತ್ತೆ ತಲೆ ತಗ್ಗಿಸಿದರು. ನಾನು ನಿಲ್ಲುತ್ತಿದ್ದೆ, ಜಗಳವಾಡಿ, ಎರಡು ದಿನ ಮಾತು ಬಿಟ್ಟು, ಆಮೇಲೆ ನಿಲ್ಲುತ್ತಿದ್ದೆ. ಅದು ನಾನು ಬಿಟ್ಟುಕೊಟ್ಟದ್ದಾಗಿರುತ್ತಿತ್ತು. ಗಂಡ ಅಷ್ಟನ್ನೂ ನನ್ನ ಪಾಲಿಗೆ ಉಳಿಸಿರಲಿಲ್ಲ.

"ಅದಕ್ಕೇ ಈ ಸಲ ನಾನೇ ಹಾಕು ಹಾಕು ಅಂತ ಬೆನ್ನುಬಿದ್ದೆ" ಎಂದರು ಅತ್ತೆ. "ನಾನು ಬದುಕಿರೋವಾಗ್ಲೇ ಅದು ಸರಿಹೋಗ್ಲಿ ಅಂತ. ಈಗ ಏನು ಕೇಳ್ತಾರಂತೆ?"

"ಆಗ ಯಾಕೆ ಬೇಡ ಅಂದೆ ಅಂತ ಬರ್ಕೊಡ್ಬೇಕು."

"ಮನೆ ತಾಪತ್ರಯ ಅಂತ ಬರಿ. ತಾಪತ್ರಯ ಇಲ್ದಿರೋ ಮನೆ ಯಾವುದಿದೆ? ಮುಗೀತಲ್ಲ."

"ಅದು ಸುಳ್ಳು."

"ಯಾರಿಗೆ ನಷ್ಟ ಆ ಸುಳ್ಳಿಂದ? ಸೀಟು ನಿನಗೆ ಸಿಗುತ್ತೆ. ಅವನ ಹೆಸರು ಅವನಿಗಿರುತ್ತೆ." ಅವರ ದನಿ ಏರಿತು. "ಮುಂದಿನ ತಿಂಗಳು ಶಾಲೇಲಿ ಅವನ ಹೆಸರಲ್ಲಿ ಮಕ್ಕಳಿಗೆ ಕೈಬರಹದ ಬಹುಮಾನ ಕೊಡ್ತಾರೆ. ನನ್ನನ್ನ ಕರೆದಿದಾರೆ. ನಿಮ್ಮ ಮೇಡಂ ಆಫೀಸಿನ ಗುಮಾಸ್ತನ ಹೆಂಡ್ತಿ ಅಲ್ಲೇ ಟೀಚರು. ನೀನು ಬರೆದದ್ದು ಸಂಜೆ ಒಳಗೆ ಆ ಸ್ಟಾಫ್ ರೂಮಲ್ಲಿರುತ್ತೆ. ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ? ಬಂದು ಉತ್ತರ ಕೊಡೋಕೆ ಆಗದವನ ಮೇಲೆ ಹೊರಿಸ್ತೀಯಾ?"

"ನನಗೆ ಉತ್ತರ ಕೊಡೋಕೆ ಆಗ್ತಿದ್ದಾಗ್ಲೇ ಅವರು ನನ್ನ ಬದಲಿಗೆ ಕೊಟ್ರಲ್ಲ ಅತ್ತೆ."

ಅತ್ತೆ ಎದ್ದರು. ನನ್ನ ಚೀಲ ಕುರ್ಚಿಗೆ ನೇತುಬಿದ್ದಿತ್ತು. ನಾನು ಹೊಲಿದ ಗೂಡಿನಿಂದ ಪೆನ್ನು ತೆಗೆದುಕೊಂಡರು. ಸೆರಗಿನಿಂದ ಒರೆಸಿದರು, ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

"ಇದನ್ನ ಇನ್ನು ಮುಟ್ಟಬೇಡ" ಎಂದು ತಮ್ಮ ಕೋಣೆಗೆ ಹೋದರು.

ಮರುದಿನ ಮಧ್ಯಾಹ್ನ, ಪ್ರಯೋಗಾಲಯದಲ್ಲಿ ತಟ್ಟೆಗಳ ನಡುವೆ ಜಾಗ ಮಾಡಿಕೊಂಡು ಬರೆಯಲು ಕುಳಿತೆ. ಬೀಜದ ಚೀಟಿ ಬರೆಯುವ ಬಾಲ್ ಪೆನ್ನಿತ್ತು. ಮೊದಲು ಮೇಡಂ ಹೇಳಿದಂತೆಯೇ ಬರೆದೆ. 'ಕೌಟುಂಬಿಕ ಕಾರಣಗಳಿಂದಾಗಿ' ಎಂಬಲ್ಲಿಗೆ ಕೈ ನಿಂತಿತು. ಅದೇ ಎರಡು ಪದ. ಇದನ್ನು ಬರೆದು ಕೆಳಗೆ ಸಹಿ ಮಾಡಿದರೆ ಆ ಹಳೆಯ ಕಾಗದವೂ ನನ್ನದೇ ಆಗುತ್ತದೆ. ಅವರು ಅರ್ಧ ಮಾಡಿದ ಕೆಲಸವನ್ನು ನಾನು ಪೂರ್ತಿ ಮಾಡಿಕೊಟ್ಟಂತೆ.

ಅತ್ತೆ ಹೇಳಿದ್ದರಲ್ಲಿ ತಪ್ಪೇನಿದೆ ಎಂದೂ ಯೋಚಿಸಿದೆ. ಯಾರಿಗೂ ನಷ್ಟವಿರಲಿಲ್ಲ. ನಿಜ ಬರೆದರೆ ಕಮಿಟಿ ನಂಬದೆ ಹೋಗಬಹುದು. ಸಾಕ್ಷಿ ಎಂದರೆ ಒಂದಿಷ್ಟು ಮಸುಕು. ಗಂಡನನ್ನು ಕಳೆದುಕೊಂಡು ತಲೆ ಕೆಟ್ಟಿದೆ ಎಂದುಕೊಳ್ಳಬಹುದು. ಸೀಟೂ ಹೋಗಿ, ಅತ್ತೆಯೂ ಹೋಗಿ, ಬೀಜದ ತಟ್ಟೆಗಳು ಮಾತ್ರ ಉಳಿಯಬಹುದು.

ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಐದು ಸಾಲು ಬರೆದೆ. ಮೂರು ವರ್ಷದ ಹಿಂದಿನ ಆಯ್ಕೆಯ ಆದೇಶ ನನ್ನ ಕೈ ಸೇರಲಿಲ್ಲ. ಅದನ್ನು ನಿರಾಕರಿಸಿದ ಕಾಗದ ನಾನು ಬರೆದದ್ದಲ್ಲ. ಅದರಲ್ಲಿರುವ ಸಹಿ ನನ್ನ ಗಂಡ ಮಾಡಿದ್ದು. ಆ ಸಹಿ ಬಲಕ್ಕೆ ಮಸುಕಾಗಿದೆ; ಅವರು ಎಡಗೈಯಲ್ಲಿ ಬರೆಯುತ್ತಿದ್ದರು, ನಾನು ಬಲಗೈಯಲ್ಲಿ ಬರೆಯುತ್ತೇನೆ. ಈ ವಿಷಯ ನನಗೆ ಗೊತ್ತಾದದ್ದು ಈ ಬುಧವಾರ.

ಮೇಡಂ ಎರಡು ಸಲ ಓದಿದರು. ಹಳೆಯ ಸಹಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಕಮಿಟಿ ಮುಂದೆ ಇಡಲೇಬೇಕಾ? ಇನ್ನೊಂದ್ಸಲ ಯೋಚನೆ ಮಾಡು."

"ಇಡಿ ಮೇಡಂ."

ಮುಂದಿನ ವಾರ ಕಮಿಟಿ ಸೇರಿತು, ಮೇಡಂ ಅಲ್ಲದೆ ಇನ್ನಿಬ್ಬರು. ಕಿವಿಗೆ ಯಂತ್ರ ಹಾಕಿಕೊಂಡ ಒಬ್ಬ ಹಿರಿಯರು, ಮತ್ತೆ ಮತ್ತೆ ವಾಚು ನೋಡುತ್ತಿದ್ದ ಒಬ್ಬ ನಡುವಯಸ್ಸಿನವರು. ನನ್ನ ಐದು ಸಾಲು ಕೈಯಿಂದ ಕೈಗೆ ಹೋಯಿತು. ನಾನು ಅಂಗೈ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

"ಅವರು ಹೀಗೆ ಯಾಕೆ ಮಾಡಿದ್ರು?" ಎಂದು ಹಿರಿಯರು ಕೇಳಿದರು.

"ನನ್ನನ್ನ ಬಿಟ್ಟಿರೋಕೆ ಆಗಲ್ಲ ಅಂತ ಅವರ ತಾಯಿ ಹತ್ರ ಹೇಳಿದ್ರಂತೆ ಸರ್."

"ನೀವು ಕೇಳಲಿಲ್ವಾ?"

"ನನಗೆ ಗೊತ್ತಾಗೋ ಹೊತ್ತಿಗೆ ಕೇಳೋಕೆ ಅವರಿರಲಿಲ್ಲ."

ಹಿರಿಯರು ಕಿವಿಯ ಯಂತ್ರವನ್ನು ಸರಿಮಾಡಿಕೊಂಡರು. ನಾನು ಇನ್ನೊಮ್ಮೆ ಹೇಳಬೇಕೇನೋ ಎಂದು ಕಾದೆ. ಬೇಕಾಗಲಿಲ್ಲ.

ವಾಚಿನವರು ಎರಡೂ ಸಹಿ ನೋಡಿ, ಹಳೆಯ ಅರ್ಜಿಯ ಬಾಲ್ ಪೆನ್ನಿನ ಸಹಿ ನೋಡಿ, ಫೈಲು ಮುಚ್ಚಿದರು. "ಇದು ನಮ್ಮ ತನಿಖೆಯ ವಿಷಯ ಅಲ್ಲ ಬಿಡಿ. ಸರಿ, ಪಾಚಿಗೆ ಬರೋಣ. ಕಲ್ಲಿನ ಮೇಲಿನ ಜಾತಿ, ಮರದ ಮೇಲಿನ ಜಾತಿ ಎರಡನ್ನೂ ಒಂದೇ ಅಧ್ಯಯನದಲ್ಲಿ ಹೇಗೆ ಹಿಡಿಸ್ತೀರಿ?"

ಅಷ್ಟೇ. ಮೂರು ನಿಮಿಷವೂ ಆಗಿರಲಿಲ್ಲ. ಮಿಕ್ಕ ಇಪ್ಪತ್ತು ನಿಮಿಷ ನಾನು ಪಾಚಿಯ ಬಗ್ಗೆ ಮಾತಾಡಿದೆ. ನನಗೆ ಅಷ್ಟೊಂದು ಮಾತು ಉಳಿದಿದೆಯೆಂದು ನನಗೇ ತಿಳಿದಿರಲಿಲ್ಲ.

ಒಂದು ಗಂಟೆಗೆ ಮೇಡಂ ಹೊರಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಆಯ್ತು. ಮುಂದಿನ ತಿಂಗಳು ಒಂದನೇ ತಾರೀಕಿಂದ ಬಾ." ಕ್ಲಾಸಿಗೆ ಹೋದರು.

ಕಚೇರಿಯಲ್ಲಿ ಗುಮಾಸ್ತ ನನ್ನ ವಿಳಾಸ ಬರೆದುಕೊಳ್ಳುತ್ತಿದ್ದ. ಫೈಲು ಅವನ ಮೇಜಿನ ಮೇಲೆ ತೆರೆದಿತ್ತು; ಓದಿದ್ದಾನೆಂದು ಅವನು ನನ್ನ ಮುಖ ನೋಡದೆ ಇದ್ದುದರಿಂದಲೇ ತಿಳಿಯುತ್ತಿತ್ತು.

"ಆದೇಶ ಮನೆಗೆ ರಿಜಿಸ್ಟರ್ ಪೋಸ್ಟಲ್ಲಿ ಬರುತ್ತೆ ಮೇಡಂ. ಎಂಟು ದಿನ."

"ಬೇಡ. ಕೈಗೇ ಕೊಡಿ."

"ಕೈಗೆ ಕೊಡೋ ಪದ್ಧತಿ ಇಲ್ವಲ್ಲ."

"ಹೋದ ಸಲ ಪದ್ಧತಿ ಪ್ರಕಾರವೇ ಕಳಿಸಿದ್ರಿ."

ಅವನು ಪೆನ್ನು ಕೆಳಗಿಟ್ಟ. "ಸಾಹೇಬ್ರು ಊಟಕ್ಕೆ ಹೋಗಿದಾರೆ. ಟೈಪಾಗ್ಬೇಕು, ಸಹಿ ಆಗ್ಬೇಕು, ಸೀಲು ಬೀಳ್ಬೇಕು. ಮೂರು ಗಂಟೆ ದಾಟುತ್ತೆ. ನಮ್ಮ ಸಾಹೇಬ್ರ ಊಟ ಅಂದ್ರೆ ಸುಮ್ನೆ ಅಲ್ಲ, ಅದಕ್ಕೂ ಒಂದು ಕಮಿಟಿ ಇದೆ."

"ಕೂತಿರ್ತೀನಿ."

ಹೊರಗಿನ ಬೆಂಚಿನ ಮೇಲೆ ಕುಳಿತೆ. ಎರಡು ಗಂಟೆಗೆ ಅತ್ತೆಯ ಫೋನು ಬಂತು. ಆ ಬುಧವಾರದಿಂದ ನಾವು ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದೆವು.

"ಏನಾಯ್ತು?"

"ಸಿಕ್ತು."

"ಓದಿದ್ರಾ ನೀನು ಬರೆದದ್ದನ್ನ?"

"ಓದಿದ್ರು."

ಆ ಕಡೆ ಕುಕ್ಕರಿನ ಮುಚ್ಚಳ ತೆಗೆದ ಸದ್ದಾಯಿತು.

"ಊಟಕ್ಕೆ ಬರ್ತೀಯಾ?"

"ಇಲ್ಲ. ಆದೇಶ ಕೊಡೋವರೆಗೂ ಇಲ್ಲೇ ಇರ್ತೀನಿ."

"ಅದಕ್ಕೆ ಯಾಕೆ ಹಸ್ಕೊಂಡು ಕೂರ್ತೀಯ? ಪೋಸ್ಟಲ್ಲಿ ಬರುತ್ತಲ್ಲ. ನಾನು ಮನೇಲೇ ಇರ್ತೀನಿ, ತಗೊಂಡು ನಿನ್ನ ಕೈಗೇ..."

ಅತ್ತೆ ಅಲ್ಲಿಗೆ ನಿಲ್ಲಿಸಿದರು. ಇಬ್ಬರಲ್ಲಿ ಯಾರು ಮೊದಲು ಫೋನು ಇಟ್ಟದ್ದೋ ತಿಳಿಯದು.

ಮೂರೂವರೆಗೆ ಗುಮಾಸ್ತ ಬಾಗಿಲಿಗೆ ಬಂದ. ಕಾರಿಡಾರಿನಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ಆದರೂ ಅವನು ಲಕೋಟೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ, ನಾನು ಎದ್ದು ಬರುವವರೆಗೆ ಕಾದು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಕೊಟ್ಟ.